ಅನಂತರಾಮಯ್ಯನವರ ಎತ್ತರದ ಮನೆ

ಗುಬ್ಬಿಯ ಜನರು ಅನಂತರಾಮಯ್ಯನವರನ್ನು ‘ಬರ್ಮಾ ಅಯ್ನೋರು’ ಎಂದೇ ಕರೆಯುತ್ತಿದ್ದರು. ಐರಾವತೀ ನದಿಯ ದಡದ ಅಕ್ಕಿಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದ ಅವರು, ಯುದ್ಧಕಾಲದಲ್ಲಿ ಬಾಂಬುಗಳು ಬೀಳತೊಡಗಿದಾಗ, ಪತ್ನಿ ಕೌಸಲ್ಯಮ್ಮನವರೊಡನೆ ಕಾಡುಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ದಾಟಿ, ಉಟ್ಟ ಬಟ್ಟೆಯಲ್ಲಿ, ದೇವರ ಪೆಟ್ಟಿಗೆಯೊಂದನ್ನೇ ಹೊತ್ತು ತಾಯ್ನಾಡನ್ನು ಸೇರಿದ್ದರು. ಬಂದು ಹದಿನಾಲ್ಕು ವರ್ಷ. ತುಮಕೂರು, ಕುಣಿಗಲು, ಗುಬ್ಬಿಗಳಲ್ಲಿ ಒಟ್ಟು ಒಂಬತ್ತು ಬಾಡಿಗೆಯ ಮನೆ. ಕೌಸಲ್ಯಮ್ಮನವರು ಚಟ್ನಿಪುಡಿ, ಹುಳಿಪುಡಿ ಕುಟ್ಟುವರು. ಅಯ್ಯನವರು ಅದನ್ನು ಸೈಕಲ್ಲಿಗೆ ಹೇರಿ ತುಮಕೂರಿನ ಮನೆಮನೆಗೆ ಮುಟ್ಟಿಸುವರು. ಹೀಗೆ ಒನಕೆಯ ಪೆಟ್ಟಿನಿಂದ ದೊರೆತ ನಿವೇಶನದಲ್ಲಿ, ಭಗವಂತನ ದಯೆಯಿಂದ, ಐವತ್ತಾರನೆಯ ಇಸವಿಯಲ್ಲಿ ಸ್ವಂತ ಮನೆಯ ಗೋಡೆಗಳೆದ್ದವು.

ಆ ನದಿಯ ನಾಡಿನಲ್ಲಿ ಮಳೆಗಾಲದ ನೀರು ಮನೆಯ ಕೆಳಗೇ ಹರಿಯುತ್ತಿದ್ದುದರಿಂದ ಮನೆಗಳೆಲ್ಲ ಕಂಬಗಳ ಮೇಲೆ ನಿಂತಿರುತ್ತಿದ್ದವು. ನೀರಿನ ಆ ಭಯ ಅಯ್ಯನವರನ್ನು ಇನ್ನೂ ಬಿಟ್ಟಿರಲಿಲ್ಲ. ತಳಪಾಯವನ್ನು ಎದೆಯುದ್ದ ಏರಿಸಲೇಬೇಕೆಂದು ಹಠ ಹಿಡಿದರು.

“ಏನ್ ಸಾಮಿ, ಗುಬ್ಬೀಗೆ ಹಡಗೇನಾರ ಬಂದದಾ?” ಎಂದು ಗಾರೆಯ ಕೆಂಪಯ್ಯ ನಕ್ಕ.

“ನೀರಿಗೆ ಊರಿನ ಹೆಸರು ಗೊತ್ತಿರುತ್ತೇನಯ್ಯ? ಕಟ್ಟು ನೀನು.”

“ಕಟ್ತೀನಿ ಬುಡಿ. ಆಮ್ಯಾಕೆ ಏಣಿಗೂ ಪೂಜೆ ಮಾಡ್ಬೇಕಾಯ್ತದೆ.”

ಏಣಿ ಬೇಕಾಗಲಿಲ್ಲ, ಎಂಟು ಕಡಿದಾದ ಕಲ್ಲುಮೆಟ್ಟಿಲುಗಳಾದವು.

ಗೃಹಪ್ರವೇಶಕ್ಕೆ ಜ್ಯೇಷ್ಠಮಾಸದ ಕಡೆಯ ಮುಹೂರ್ತ ದೊರೆಯಿತು. ಅದು ತಪ್ಪಿದರೆ ಆಷಾಢ ಕಳೆಯುವವರೆಗೆ ಹೊಸ ಮನೆಯನ್ನು ಹೊಗುವಂತಿಲ್ಲ. ಹಳೆಯ ಮನೆಯ ಬೀಗದ ಕೈಯನ್ನಾದರೋ ಆ ಬೆಳಿಗ್ಗೆಯೇ ಒಡೆಯರಿಗೆ ಒಪ್ಪಿಸಿಯಾಗಿತ್ತು. ಅಲ್ಲಿಗೆ ಬೇರೊಬ್ಬರ ಸಾಮಾನಿನ ಗಾಡಿ ಬಂದು ನಿಂತಿತ್ತು. ಗೋವು ಹೊಸ್ತಿಲು ದಾಟಿದ ಮೇಲೆಯೇ ಮನೆಯವರು ದಾಟಬೇಕೆಂಬುದು ಸಂಪ್ರದಾಯವಷ್ಟೆ. ಕೆಂಪಯ್ಯನ ಹೆಂಡತಿ ಗಿರಿಯಮ್ಮ ತನ್ನ ಹಸುವನ್ನೂ ಎಳಗರುವನ್ನೂ ಕರೆತಂದಳು. ಅರಿಸಿನ ಕುಂಕುಮ ಧರಿಸಿದ ಗೋಮಾತೆ ಮೊದಲ ಮೆಟ್ಟಿಲನ್ನು ಮೂಸಿ, ಮೇಲೊಮ್ಮೆ ನೋಡಿ, ನಿಂತೇಬಿಟ್ಟಿತು.

ಬೆಲ್ಲ ತೋರಿಸಿದರು, ಬಾಳೆಹಣ್ಣು ತೋರಿಸಿದರು. ಕೆಂಪಯ್ಯ ಹಿಂದಿನಿಂದ ಹೆಗಲು ಕೊಟ್ಟ.

“ತಳ್ಬ್ಯಾಡ ಕಣಯ್ಯೋ! ಅದು ಹಸ, ಕೋತಿ ಅಲ್ಲ!” ಎಂದು ಗಿರಿಯಮ್ಮ ಗದರಿದಳು.

“ಅನಂತರಾಮಯ್ಯ, ಸಿಂಹಲಗ್ನ ಇನ್ನು ಕಾಲು ಗಂಟೆ ಅಷ್ಟೆ” ಎಂದರು ಪುರೋಹಿತ ವೆಂಕಟರಂಗಯ್ಯನವರು.

ತುಂಬಿದ ಕೊಡ ಹೊತ್ತು ನಿಂತಿದ್ದ ಕೌಸಲ್ಯಮ್ಮನವರು ಮೆಲ್ಲಗೆ, “ಏನೂಂದ್ರೆ, ನೀರು ಬರಬಾರದೂಂತ ಕಟ್ಟಿಸಿದ್ರಿ, ಹಸುವೂ ಬರದ ಹಾಗಾಯ್ತು” ಎಂದರು. ಮಾತು ಹಾಸ್ಯದ್ದು, ಕಣ್ಣು ಮಾತ್ರ ತುಂಬಿತ್ತು.

ಆ ಕಣ್ಣನ್ನು ಕಂಡು ಅಯ್ಯನವರಿಗೆ ಮಣಿಪುರದ ಬೆಟ್ಟದ ದಾರಿ ನೆನಪಾಯಿತು. ಅಂದು ಈಕೆ, “ಇನ್ನು ಒಂದು ಹೆಜ್ಜೆಯೂ ಆಗದು” ಎಂದು ಬಂಡೆಯ ಮೇಲೆ ಕುಳಿತಾಗ, ಸಮಾಧಾನದ ಮಾತು ಯಾವುದೂ ಫಲಿಸಲಿಲ್ಲ. ಆಕೆಯ ಮಡಿಲಿನ ದೇವರ ಪೆಟ್ಟಿಗೆಯನ್ನು ಕಿತ್ತುಕೊಂಡು ತಾವು ಮುಂದೆ ನಡೆದುಬಿಟ್ಟಿದ್ದರು. ಬೈಯುತ್ತಲೇ ಎದ್ದು ಹಿಂದೆ ಬಂದಿದ್ದಳು.

ಅಯ್ಯನವರು ಮಡಿಪಂಚೆಯ ಕಚ್ಚೆ ಬಿಗಿದರು. ಕರುವನ್ನು ತೋಳಿನಲ್ಲಿ ಎತ್ತಿಕೊಂಡು ಮೆಟ್ಟಿಲೇರತೊಡಗಿದರು. ಕರು ಒದೆಯಿತು, ಕೂಗಿತು, ಪಂಚೆಯನ್ನು ತೋಯಿಸಿತು. ಮೇಲೆ ಮುಟ್ಟಿದವರು ಅದನ್ನು ಹೊಸ್ತಿಲಿನಾಚೆ ಇಳಿಸಿ, ತಾವು ಹೊರಗೇ ಸರಿದು ನಿಂತರು. ತಾಯಿ “ಅಂಬಾ” ಎಂದು ಒಮ್ಮೆ ಒರಲಿ, ಎಂಟು ಮೆಟ್ಟಿಲುಗಳನ್ನೂ ಧಡಧಡನೆ ಹತ್ತಿ, ಹೊಸ್ತಿಲು ದಾಟಿ, ನಡುಮನೆಯಲ್ಲಿ ನಿಂತು ಧಾರಾಳವಾಗಿ ಸಗಣಿ ಹಾಕಿತು.

“ಸಾಕ್ಷಾತ್ ಲಕ್ಷ್ಮಿ! ಬನ್ನಿ, ಬಲಗಾಲಿಡಿ!” ಎಂದು ವೆಂಕಟರಂಗಯ್ಯನವರು ಕೂಗಿದರು. ಕೌಸಲ್ಯಮ್ಮನವರು ಕೊಡದೊಡನೆ ಒಳನಡೆದರು. ಲಗ್ನ ಮುಗಿಯುವ ಮುನ್ನವೇ ಹಾಲುಕ್ಕಿತು.

ಏರಿದ ಹಸು ಇಳಿಯಲೊಲ್ಲದು. ಈ ಬಾರಿ ಕರುವನ್ನು ಕೆಳಗೆ ಒಯ್ಯಬೇಕೆಂದರೆ, ಅದು ತಾಯಿಯ ಕೆಚ್ಚಲನ್ನು ಬಿಡದು.

“ಇಳ್ಸೋದು ನನ್ ಗುತ್ತಿಗೇಲಿಲ್ಲ ಸಾಮಿ” ಎನ್ನುತ್ತಲೇ ಕೆಂಪಯ್ಯ ಮೆಟ್ಟಿಲ ಪಕ್ಕಕ್ಕೆ ಮಣ್ಣು ಸುರಿದು ಇಳಿಜಾರು ಮಾಡಲು ಹಾರೆ ಹಿಡಿದ.

ಅಯ್ಯನವರು ಅಡುಗೆಮನೆಗೆ ಬಂದು ಸಂಕೋಚದಿಂದ, “ಹಸು ಇಳಿಯೋದು ಸಂಜೆ ಆಗುತ್ತಂತೆ ಕಣೇ” ಎಂದರು.

“ಸಂಜೆಗಾದರೂ ಇಳೀಲಿ, ನಾಳೆಗಾದರೂ ಇಳೀಲಿ. ನಾನಂತೂ ಇನ್ನು ಇಳಿಯೋಳಲ್ಲ” ಎನ್ನುತ್ತ ಕೌಸಲ್ಯಮ್ಮನವರು ಒಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತರು.