ನಾನು ಹೇಳಿದ ಸಾಕ್ಷಿ

ಮೊದಲೇ ಹೇಳಿಬಿಡುತ್ತೇನೆ: ಅಮ್ಮನ ಕ್ಯಾನ್ಸರ್ ಪೂರ್ತಿ ವಾಸಿಯಾಯಿತೆಂದು ಶಿರಸಿಯಲ್ಲಿ ನಲವತ್ತು ಜನರ ಮುಂದೆ ಮೈಕು ಹಿಡಿದು ಸುಳ್ಳು ಹೇಳಿದ ಕತ್ತೆ ನಾನೇ. ಕುಡಿದಿರಲಿಲ್ಲ. ಯಾರೂ ಕುತ್ತಿಗೆ ಹಿಡಿದು ಹೇಳಿಸಲಿಲ್ಲ. ನಾಲಿಗೆ ತುರಿಸಿತು, ಅಷ್ಟೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಇಪ್ಪತ್ತು. ಯಲ್ಲಾಪುರದ ನಮ್ಮ ಇಗರ್ಜಿಯಲ್ಲಿ ನಾನು ಅಣಕಿಸದೆ ಬಿಟ್ಟವರಿರಲಿಲ್ಲ. ಪಾದ್ರಿಗಳು ಪ್ರವಚನದ ನಡುವೆ ಮೂಗು ಎಳೆಯುವುದು, ಹಾಡು ಹೇಳಿಕೊಡುವ ಟೀಚರು ಮೇಲಿನ ಸ್ವರಕ್ಕೆ ಹೋಗುವಾಗ ಹಿಮ್ಮಡಿ ಎತ್ತುವುದು, ಎಲ್ಲವೂ ನನ್ನ ಬಳಿ ತಯಾರಿತ್ತು. ಕನ್ನಡಿ ಸಿಕ್ಕರೆ ನನ್ನನ್ನೇ ಅಣಕಿಸುತ್ತಿದ್ದೆ. ಪೊರಕೆಗೆ ಅಂಗಿ ಹಾಕಿದಂತಿದ್ದ ಆಳು, ನಡಿಗೆ ಮಾತ್ರ ಸಿನಿಮಾ ಹೀರೋನದು.

ಅಮ್ಮನಿಗೆ ಎದೆಯ ಆಪರೇಶನ್ ಆಗಿತ್ತು. ಆಮೇಲೆ ಮೂರು ವಾರಕ್ಕೊಮ್ಮೆಯಂತೆ ಹುಬ್ಬಳ್ಳಿಯಲ್ಲಿ ಆರು ಇಂಜೆಕ್ಷನ್. ಡಾಕ್ಟರ ಹತ್ತಿರ ಮಾತಾಡಲು ಒಳಗೆ ಹೋಗುತ್ತಿದ್ದವನು ನಾನು. ಅಮ್ಮ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದಳು. ತಿರುಗಿ ಬರುವಾಗ ಕಲಘಟಗಿ ದಾಟುವುದರೊಳಗೆ ವಾಂತಿ ಶುರು. ಮಡಿಲಲ್ಲಿ ವಾಂತಿಗೆಂದು ಪ್ಲಾಸ್ಟಿಕ್ ಚೀಲ, ನಮ್ಮ ಕಡೆ ಅದಕ್ಕೆ ಕೊಟ್ಟೆ ಎನ್ನುತ್ತಾರೆ; ಕೈಯಲ್ಲಿ ಜಪಸರ. ವಾಂತಿ ಬಂದಾಗ ಎಷ್ಟನೇ ಮಣಿಯೆಂಬುದು ತಪ್ಪಿಹೋಗುತ್ತಿತ್ತು. ಬಾಯಿ ಒರೆಸಿಕೊಂಡು ಮತ್ತೆ ಮೊದಲನೇ ಮಣಿಯಿಂದ ಶುರು ಮಾಡುತ್ತಿದ್ದಳು. ನಾನೇನು ಮಾಡುತ್ತಿದ್ದೆ? ಹಿಂದಿನ ಸೀಟಿಗೆ ಸರಿದು, ಮೂಗು ಹಿಡಿದುಕೊಂಡು, ಕಿಟಕಿಯಾಚೆ ಮರ ನೋಡುತ್ತಿದ್ದೆ. ಆ ವಾಸನೆ ನನಗೆ ಆಗುತ್ತಿರಲಿಲ್ಲ. ಹೆತ್ತವಳ ವಾಂತಿಗೆ ಹೇಸಿದೆ ಎಂದು ಬರೆಯಲು ಈಗ ಅದಕ್ಕಿಂತ ಹೆಚ್ಚು ಹೇಸಿಗೆಯಾಗುತ್ತದೆ.

ಮೂರನೆಯ ಇಂಜೆಕ್ಷನ್ ಮುಗಿದ ಮೇಲೆ ಅಮ್ಮ ನನ್ನನ್ನು ಶಿರಸಿಗೆ ಕಳಿಸಿದಳು. ಅಲ್ಲಿ ಶನಿವಾರ ಮಧ್ಯಾಹ್ನ ಒಂದು ಪ್ರಾರ್ಥನಾ ಕೂಟ ನಡೆಯುತ್ತಿತ್ತು. ಪ್ರಾರ್ಥಿಸಿದ ಎಣ್ಣೆ ಕೊಡುತ್ತಿದ್ದರು, ಅದನ್ನು ತರಬೇಕಿತ್ತು. ನಡೆಸುವವರನ್ನು ಎಲ್ಲರೂ ಬ್ರದರ್ ಎನ್ನುತ್ತಿದ್ದರು. ಹಾವೇರಿ ಕಡೆಯವರು, ಬಟ್ಟೆ ವ್ಯಾಪಾರ. ಎಡ ಹೆಗಲ ಮೇಲೆ ಮಡಿಸಿದ ಕರ್ಚೀಫು, ಪ್ರತಿ ವಾಕ್ಯವನ್ನೂ ಎರಡು ಸಲ ಹೇಳುವ ಚಟ. ಎರಡನೆಯ ಸಲ ಗಂಟಲು ನಡುಗಲೇಬೇಕು. ಅಣಕಿಸುವವನಿಗೆ ದೇವರೇ ಕಳಿಸಿದ ಮನುಷ್ಯ.

ಕೂಟದ ಕೊನೆಗೆ ಸಾಕ್ಷಿ ಹೇಳುವ ಪದ್ಧತಿ. ದೇವರಿಂದ ಉಪಕಾರ ಕಂಡವರು ಎದ್ದು ಬಂದು ಮೈಕಿನಲ್ಲಿ ಹೇಳಬೇಕು: ಮೊದಲು ಕಷ್ಟ, ಆಮೇಲೆ ಪ್ರಾರ್ಥನೆ, ಕಡೆಗೆ ಪವಾಡ. ಅವತ್ತು ಯಾರೂ ಏಳಲಿಲ್ಲ. ಎಣ್ಣೆ ಕೇಳುವಾಗ ಅಮ್ಮನ ರೋಗ, ಆಪರೇಶನ್ ಎಲ್ಲ ಬ್ರದರ್‌ಗೆ ಹೇಳಿದ್ದೆ. ಅವರು ನನ್ನತ್ತ ಕೈ ಮಾಡಿದರು. “ಬಾ ತಮ್ಮಾ, ಅವ್ವಗ ಆರಾಮ ಆತಲ್ಲ, ಹೇಳಿಬಿಡು. ಹೇಳಿಬಿಡು!”

ಹಿಂದಿನ ಸಾಲಿನಲ್ಲಿ ನನ್ನ ಕಾಲೇಜಿನ ಇಬ್ಬರು ಗೆಳೆಯರು ಕೂತಿದ್ದರು. ಅವರನ್ನು ನಗಿಸೋಣ ಎನ್ನಿಸಿತು. ಕರ್ಚೀಫು ತೆಗೆದು ಎಡ ಹೆಗಲ ಮೇಲಿಟ್ಟೆ. “ಡಾಕ್ಟರು ರಿಪೋರ್ಟು ನೋಡಿದರು. ರಿಪೋರ್ಟು ನೋಡಿದರು! ರೋಗ ಎಲ್ಲಿ ಅಂದರು. ಎಲ್ಲಿ ಅಂದರು! ಇನ್ನು ಇಂಜೆಕ್ಷನ್ ಬೇಡ ಅಂದರು…” ಎರಡನೆಯ ಸಲ ಗಂಟಲು ಸರಿಯಾಗಿಯೇ ನಡುಗಿತು.

ಯಾರೂ ನಗಲಿಲ್ಲ. ಮುಂದಿನ ಸಾಲಿನವರು ಅತ್ತರು, ಉಳಿದವರು ಚಪ್ಪಾಳೆ ತಟ್ಟಿದರು. ಬ್ರದರ್ ನನ್ನನ್ನು ಅಪ್ಪಿಕೊಂಡರು. ಹೇಸಿಗೆಯ ಮಾತೆಂದರೆ, ನನಗದು ಹಿತವಾಗಿತ್ತು.

ಎರಡು ದಿನ ಬಿಟ್ಟು ಬ್ರದರ್ ಐದಾರು ಜನರನ್ನು ಕಟ್ಟಿಕೊಂಡು ನಮ್ಮ ಮನೆಗೇ ಬಂದು, ನನ್ನ ಸಾಕ್ಷಿಯನ್ನು ಅಮ್ಮನಿಗೆ ಒಪ್ಪಿಸಿದರು. “ಇನ್ನ ಸೂಜಿ ಚುಚ್ಚಿಸ್ಕೊಂಡ್ರ ದೇವ್ರು ಸುಳ್ಳ ಅಂದಂಗ ಆಕ್ಕೇತ್ರಿ ಅಕ್ಕಾರ. ಸುಳ್ಳ ಅಂದಂಗ!”

ಅವರು ಹೋದ ಮೇಲೆ ಅಮ್ಮ ಕೇಳಿದಳು. ನಮ್ಮ ಮನೆಮಾತು ಕೊಂಕಣಿ. ಬೈಯಲಿಕ್ಕೆ ಮತ್ತು ಸತ್ಯ ಹೊರಡಿಸಲಿಕ್ಕೆ ಅಮ್ಮನಿಗೆ ಕನ್ನಡವೇ ಬೇಕು.

“ಡಾಕ್ಟರು ನಿನ್ನ ಹತ್ರ ಹಾಗೆ ಹೇಳಿದ್ರಾ? ನಂಗೆ ಎಂತಕ್ಕೆ ಹೇಳಲಿಲ್ಲ?”

ಅವಳ ಮುಖ ಅಷ್ಟು ಹಗುರಾದದ್ದನ್ನು ಆಪರೇಶನ್ ಆದಂದಿನಿಂದ ನಾನು ನೋಡಿರಲಿಲ್ಲ. “ಹೂಂ, ಹಾಗೇ ಏನೋ ಅಂದ್ರು” ಎಂದು ಗೊಣಗಿ ಅಂಗಳಕ್ಕೆ ಇಳಿದೆ.

ನಾಲ್ಕನೆಯ ಇಂಜೆಕ್ಷನ್ನಿನ ತಾರೀಕು ಬಂತು, ದಾಟಿತು. ಅಮ್ಮ ಹೋಗಲಿಲ್ಲ. ಒಂದು ದಿನ, ಎರಡು ದಿನ. ಜಪಸರ ಮೊಳೆಯಲ್ಲೇ ತೂಗಾಡುತ್ತಿತ್ತು. ಯಾಕೆ ಮುಟ್ಟುವುದಿಲ್ಲ ಎಂದು ಕೇಳಿದೆ. “ಇನ್ನೆಂತ ಕೇಳೂದು? ಕೊಟ್ಟಾಯ್ತಲ್ಲ” ಎಂದಳು. ದೇವರ ಹತ್ತಿರ ದಿನಾ ಮಾತಾಡುತ್ತಿದ್ದವಳ ಬಾಯಿಯನ್ನು ರೋಗ ಮುಚ್ಚಿಸಿರಲಿಲ್ಲ, ನಾನು ಮುಚ್ಚಿಸಿದ್ದೆ.

ಪವಾಡ ನೋಡಲು ಜನ ಬರತೊಡಗಿದರು. ಕಮಟು ವಾಸನೆಯ ಎಣ್ಣೆಯ ಶೀಶೆಗಳು ಮೇಜಿನ ತುಂಬ ಆದವು. ಒಬ್ಬರು ಹೇಳದೆ ಕೇಳದೆ ಅಮ್ಮನ ತಲೆವಸ್ತ್ರ ಎತ್ತಿ, ಬೋಳು ತಲೆ ಸವರಿ, ಅದೇ ಕೈಯಲ್ಲಿ ತಟ್ಟೆಯ ಚಕ್ಕುಲಿ ತೆಗೆದುಕೊಂಡರು. ನಾಲ್ಕನೆಯ ದಿನ ಕೂಟದ ಹೆಂಗಸೊಬ್ಬರು ಬಂದರು. ನಾನು ಪಕ್ಕದ ಕೋಣೆಯಲ್ಲಿದ್ದೆ. “ಸೆರಗು ಸರಿಸಿ ಅಕ್ಕಾ, ಕೊಯ್ದ ಜಾಗ ಒಮ್ಮೆ ನೋಡ್ತೆ. ಮುಂದಿನ ಶನಿವಾರ ಸಾಕ್ಷಿ ಹೇಳೂಕೆ ಬೇಕು” ಎಂದದ್ದು ಕೇಳಿಸಿತು. ಬಾಗಿಲ ಸಂದಿಯಿಂದ ನೋಡಿದರೆ, ಅಮ್ಮ ಎರಡೂ ಕೈಯಲ್ಲಿ ಸೆರಗನ್ನು ಎದೆಗೆ ಅವುಚಿಕೊಂಡು ಗೋಡೆ ನೋಡುತ್ತಿದ್ದಳು.

ನಾನು ಬಾಗಿಲು ತಳ್ಳಿದೆ. ಹೊರಗೆ ಬಂದು ಚಕ್ಕುಲಿ ತಟ್ಟೆ ಎತ್ತಿಕೊಂಡು, “ಬಸ್ಸಿಗೆ ಹೊತ್ತಾಯ್ತು, ಏಳಿ” ಎಂದೆ. ಅವರು ಹೋದ ಮೇಲೆ ಎಲ್ಲ ಒದರಿದೆ: ಡಾಕ್ಟರು ಏನೂ ಹೇಳಿಲ್ಲ, ಇನ್ನೂ ಮೂರು ಇಂಜೆಕ್ಷನ್ ಬಾಕಿ ಇದೆ, ನಾನು ಬ್ರದರನ್ನು ಅಣಕಿಸಿದ್ದು.

ಅಮ್ಮ ಮೇಜಿನ ಮೇಲಿನ ಎಣ್ಣೆಯ ಶೀಶೆಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದಳು. ಆಮೇಲೆ, “ಹೇಗೆ ಹೇಳಿದೆ? ಮಾಡಿ ತೋರಿಸು” ಎಂದಳು.

“ಬೇಡ ಅಮ್ಮಾ.”

“ನಲವತ್ತು ಜನಕ್ಕೆ ಮಾಡ್ದವ, ನಂಗೆ ಎಂತಕ್ಕೆ ಆಗೂದಿಲ್ಲ? ಮಾಡು.”

ಕರ್ಚೀಫು ಹೆಗಲ ಮೇಲಿಟ್ಟು ಮಾಡಿದೆ. ಎರಡನೆಯ ಸಲಕ್ಕೆ ಗಂಟಲು ನಾನು ನಡುಗಿಸದೆಯೇ ನಡುಗಿತು. ಅಮ್ಮನಿಗೆ ನಗು ಬಂತು, ನಗು ಕೆಮ್ಮಾಯಿತು, ಕೆಮ್ಮು ಅಳುವಾಯಿತು. ಎದ್ದು ಮೊಳೆಯಿಂದ ಜಪಸರ ತೆಗೆದುಕೊಂಡಳು. “ನಾಳೆ ಬೆಳಿಗ್ಗೆ ಹುಬ್ಬಳ್ಳಿ. ನೀ ನನ್ನ ಪಕ್ಕದಲ್ಲೇ ಕೂರಬೇಕು, ಕೋತಿ.”

ಮರುದಿನ ಯಲ್ಲಾಪುರ ಬಸ್ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು ಹೊರಡಲು ನಿಂತಿತ್ತು. ಶಿರಸಿಯ ಬಸ್ಸಿನಿಂದ ಬ್ರದರ್ ತಮ್ಮ ಪರಿವಾರದೊಂದಿಗೆ ಇಳಿದರು. ನಮ್ಮ ಮನೆಯಲ್ಲಿ ಕೃತಜ್ಞತೆಯ ಪ್ರಾರ್ಥನೆ ಇಟ್ಟುಕೊಂಡಿದ್ದರಂತೆ. ನಮಗೆ ಹೇಳಿರಲಿಲ್ಲ. ನಾನು ಅವರೆದುರು ನಿಂತು, “ನಾನು ಹೇಳಿದ್ದು ಸುಳ್ಳು, ಡಾಕ್ಟರು ಹಾಗೆ ಹೇಳೇ ಇಲ್ಲ” ಎಂದೆ. ಅವರು ನನ್ನನ್ನು ನೊಣದಂತೆ ಪಕ್ಕಕ್ಕೆ ಸರಿಸಿ ಅಮ್ಮನತ್ತ ತಿರುಗಿದರು.

“ಹುಡುಗಂದ ವಿಶ್ವಾಸ ಸಣ್ಣದು. ನೀವು ಹೋಗಬ್ಯಾಡ್ರಿ ಅಕ್ಕಾರ, ದೇವ್ರಿಗೆ ಬ್ಯಾಸರ ಆಕ್ಕೇತಿ.”

ಎರಡನೆಯ ಸಲ ಹೇಳಲು ಅವರು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಅಮ್ಮ ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಹೇಳಿದಳು:

“ಬೇಜಾರಾಗಿದ್ರೆ ದೇವರು ನಂಗೇ ಹೇಳ್ತಿದ್ದ ಅಣ್ಣಾ. ಮೂರು ಸಲವೂ ಇದೇ ಬಸ್ಸಲ್ಲಿ ನನ್ನ ಸಂಗ್ತಿಗೇ ಬಂದಿದ್ದಾನೆ, ಒಂದ್ ಸಲವೂ ಮೂಗು ಮುಚ್ಚಲಿಲ್ಲ. ಬೇಕಾದ್ರೆ ನೀವೂ ಹತ್ತಿ, ಕೊಟ್ಟೆ ಹಿಡ್ಕಳೂಕೆ ಒಬ್ರು ಬೇಕು.”