ಗೊರಕೆ ಎಂದರೆ ನಿದ್ದೆಯಲ್ಲ

ಗಂಟಲು ಕಟ್ಟಿ ಕೋಳಿ ಗೊರಗೊರ ಅಂದರೆ ನಮ್ಮ ಹಳಿಯಾಳದ ಕಡೆ ‘ಗೊರಕಿ ಹೊಡಿಯಾಕ ಹತ್ತೇತಿ’ ಎನ್ನುತ್ತಾರೆ. ಈ ಮಾತು ಕಲಿಸಿದವಳು ನನ್ನ ದೊಡ್ಡವ್ವ. ಉಸಿರು ಕಟ್ಟುವ ಆ ರೋಗ ಒಮ್ಮೆ ಹೊಕ್ಕರೆ ಕೋಳಿ ಮುಚ್ಚುವ ಬುಟ್ಟಿ ನಾಲ್ಕು ದಿನದಲ್ಲಿ ಖಾಲಿ. ಹಳೆಯ ಲಸಿಕೆಗೆ ಸದಾ ಮಂಜುಗಡ್ಡೆ ಬೇಕು. ಜೊಯಿಡಾದ ಬಸ್ಸು ಕಾಯುವಷ್ಟರಲ್ಲಿ ಅದು ಕರಗಿ ನೀರಾಗಿರುತ್ತಿತ್ತು. ಅದಕ್ಕೇ, ಬಿಸಿಲು ತಾಳುವ ಹೊಸ ಲಸಿಕೆಯನ್ನು ಹಳ್ಳಿಯ ಕೋಳಿಗಳ ಮೇಲೆ ಪರೀಕ್ಷಿಸಲು ಸಾಹೇಬರೊಬ್ಬರು ಬಂದಾಗ ನಾನು ಹಿಗ್ಗಿ ಅವರ ಜೀಪು ಹತ್ತಿದ್ದು. ಕೋಳಿಯ ಕಣ್ಣಿಗೆ ಒಂದು ಹನಿ ಬಿಟ್ಟು ಕಾಲಿಗೆ ಕೆಂಪು ದಾರ ಕಟ್ಟುವುದು ನನ್ನ ಕೆಲಸ. ಕೆಲವು ವಾರ ಬಿಟ್ಟು ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು ಅವರದು.

ದೊಡ್ಡವ್ವನ ಅಂಗಳದಲ್ಲಿ ಅವರು ಕೇಳಿದರು, “ಅಜ್ಜಿ, ಕೆಂಪು ದಾರದ ಕೋಳಿಗಳು ಹೇಗಿವೆ?”

“ಹೆಂಗ್ ಇರ್ತಾವ್ರಿ? ನಿನ್ನಿಯಿಂದ ಎರಡು ಗೊರಕಿ ಹೊಡಿಯಾಕ ಹತ್ಯಾವು.”

ನಾನು ಹಿತ್ತಲಲ್ಲಿ ಆ ಎರಡರ ಹಿಂದೆ ಓಡುತ್ತಿದ್ದೆ. ಒಂದನ್ನು ಕಂಕುಳಲ್ಲಿ ಅವುಚಿಕೊಂಡು ಬಂದು ಹಾಳೆಗೆ ಇಣುಕಿದರೆ, ‘ಆರೋಗ್ಯವಾಗಿವೆ. ಚೆನ್ನಾಗಿ ನಿದ್ರಿಸುತ್ತವೆ.’

“ಏನ್ರೀ ಇದು ಬರದದ್ದು?”

“ಗೊರಕೆ ಅಂದ್ರೆ ನಿದ್ದೆ ತಾನೆ?” ಎಂದು ನಕ್ಕರು.

ಅರ್ಥ ಬಿಡಿಸಿ ಹೇಳಿದೆ. ನಗು ನಿಂತಿತು, ಆದರೆ ಪೆನ್ನು ಜೇಬಿನಿಂದ ಹೊರಗೆ ಬರಲಿಲ್ಲ. “ಎರಡೇ ಕೋಳಿ ಅಲ್ವಾ, ಬಿಡಿ. ಮುಂದಿನ ಸಲ ನೋಡೋಣ.”

ತಪ್ಪು ತಿಳಿದದ್ದಕ್ಕೆ ನನಗೆ ಸಿಟ್ಟಿಲ್ಲ. ಮೈಸೂರು ಕಡೆಯವರು, ಅವರಲ್ಲಿ ಗೊರಕೆ ಹೊಡೆಯುವುದು ಮನುಷ್ಯರಷ್ಟೇ. ತಿಳಿದ ಮೇಲೂ ‘ಬಿಡಿ’ ಅಂದರಲ್ಲ, ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಲಸಿಕೆ ಸೋಲಬಹುದು. ಸೋತರೆ ಗೊತ್ತಾಗಲಿ ಎಂದೇ ಅಲ್ಲವೇ ಪರೀಕ್ಷೆ? ಮುಚ್ಚಿಟ್ಟರೆ ನಾಳೆ ಆ ಹನಿಯನ್ನು ನಂಬಿ ಕೋಳಿ ಕಳೆದುಕೊಳ್ಳುವವರು ದೊಡ್ಡವ್ವನಂಥವರೇ.

ದೊಡ್ಡವ್ವ ನನ್ನ ಕೈಯಿಂದ ಕೋಳಿ ಕಸಿದುಕೊಂಡು ಅವರ ತೊಡೆಯ ಮೇಲೆ ಕೂರಿಸಿದಳು. “ಇಲ್ಲಿ ಸಾಯಾಕ ಹತ್ತೇತಿ, ನಿಮ್ಮ ಹಾಳ್ಯಾಗ ಮಲಗೇತೇನ್ರಿ ಸಾಹೇಬ್ರ? ತಗೋರಿ, ಜೋಗುಳ ಹಾಡ್ರಿ!”

ಕೋಳಿ ಕತ್ತು ಚಾಚಿ, ಕೊಕ್ಕು ತೆರೆದು ಉಸಿರೆಳೆಯಿತು. ಆ ಸದ್ದು ಕೇಳಿ ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. ಮೊದಲು ಬರೆದದ್ದನ್ನು ಹೊಡೆದುಹಾಕಿ, ‘ಉಸಿರಾಟದ ತೊಂದರೆ’ ಎಂದು ಬರೆದರು. ಕೋಳಿಯ ಗಂಟಲಿಗೆ ಹತ್ತಿಯ ಕಡ್ಡಿ ಹಾಕಿ ತೆಗೆದು, ಪರೀಕ್ಷೆಗೆಂದು ಸೀಸೆಗಿಳಿಸಿದರು.

“ಇದು ಉಳೀತೈತೇನ್ರಿ?”

“ಹೇಳೋಕಾಗಲ್ಲ ಅಜ್ಜಿ.”

ರೋಗವನ್ನು ಬೇರೆ ಮನೆಗೆ ಹೊತ್ತೊಯ್ಯಬಾರದೆಂದು ಸಾಹೇಬರೂ ನಾನೂ ಕೈಕಾಲು, ಚಪ್ಪಲಿ ಎಲ್ಲ ಸೋಪು ಹಚ್ಚಿ ತೊಳೆದೆವು. ತೊಳೆಯುತ್ತಲೇ ಕೇಳಿದೆ, “ನಿನ್ನೆ ಮುಂಡಗೋಡ ಕಡೆ ನೀವೊಬ್ರೇ ಹೋಗಿದ್ರಲ್ರಿ, ಅಲ್ಲಿ ಎಷ್ಟು ಮನ್ಯಾಗ ಗೊರಕಿ ಅಂದ್ರು?”

ಸಾಹೇಬರು ಹಾಳೆ ತಿರುವಿದರು. ಮತ್ತೆ ತಿರುವಿದರು. ಎರಡರಲ್ಲೂ ಸಾಲುಸಾಲಾಗಿ ‘ಚೆನ್ನಾಗಿ ನಿದ್ರಿಸುತ್ತವೆ.’

“ಗಾಡಿ ತಿರುಗಸ್ರಿ,” ಎಂದೆ.

“ಈಗಲೇ?”

“ಮತ್ತ್ ಯಾವಾಗ್ರಿ?”

ಹಾಳೆಗಳ ಕಟ್ಟನ್ನು ಅವರ ಕೈಯಿಂದ ತೆಗೆದುಕೊಂಡು, ನಾನೇ ಮೊದಲು ಜೀಪು ಹತ್ತಿ ಕೂತೆ.