ದೊಡ್ಡಮ್ಮನ ಪೇಪರು, ನನ್ನ ಬ್ಲಾಗು

ನನಗೊಂದು ಬ್ಲಾಗಿದೆ. ಇದನ್ನು ನಾನಾಗಿ ಯಾರಿಗೂ ಹೇಳುವುದಿಲ್ಲ. ಹೇಳಿದರೆ ಎದುರಿನವರು ಮೊದಲು "ಓಹೋ, ಹೌದಾ?" ಎನ್ನುತ್ತಾರೆ, ಮರುಕ್ಷಣ ಪ್ಲಾಟ್‌ಫಾರ್ಮಿನ ಇಂಡಿಕೇಟರಿನತ್ತ ನೋಡಿ ತಮ್ಮ ಗಾಡಿ ಬಂತೆನ್ನುತ್ತಾರೆ. ಗಾಡಿ ಬಂದಿಲ್ಲವೆಂಬುದು ನನಗೂ ಕಾಣುತ್ತಿರುತ್ತದೆ. ಡೊಂಬಿವಲಿ ಸ್ಟೇಷನ್ನಿನಲ್ಲಿ ಇಂಥ ಸಣ್ಣ ಸುಳ್ಳುಗಳನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಈಗ ಆ ಬ್ಲಾಗಿನಲ್ಲಿ ಒಂದು ಬರಹ ಕಡಿಮೆಯಾಗಿದೆ. ಅದರ ಸಂಗತಿ ಹೇಳಲೆಂದೇ ಕೂತಿದ್ದೇನೆ. ಈ ಸಲ ದೊಡ್ಡಮ್ಮನ ಅಪ್ಪಣೆ ಪಡೆದಿದ್ದೇನೆ. ಮೊದಲ ಸಲ ಪಡೆದಿರಲಿಲ್ಲ; ನನ್ನ ಎದೆಯ ಮೇಲೆ ಕೂತಿರುವ ಕಲ್ಲು ಅದೇ.

ಬ್ಲಾಗು ಶುರುವಾಗಿ ಹತ್ತು ವರ್ಷವಾಯಿತು. ಡೊಂಬಿವಲಿಯಿಂದ ಥಾಣೆ, ಅಲ್ಲಿ ಗಾಡಿ ಬದಲಿಸಿ ತುರ್ಭೆ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಆಫೀಸಿನಲ್ಲಿ ನನ್ನ ಕುರ್ಚಿ. ಮೊದಲ ಗಾಡಿಯಲ್ಲಿ ಉಸಿರಾಡಲಿಕ್ಕೂ ಪಕ್ಕದವರ ಅನುಮತಿ ಬೇಕು. ಎರಡನೆಯದರಲ್ಲಿ ಅದೃಷ್ಟವಿದ್ದರೆ ಕಿಟಕಿ ಸಿಗುತ್ತದೆ. ನನ್ನ ಸಾಹಿತ್ಯವೆಲ್ಲ ಆ ಎರಡನೆಯ ಗಾಡಿಯದು. ಐರೋಲಿ ಬರುವಷ್ಟರಲ್ಲಿ ಒಂದು ವಾಕ್ಯ, ಘಣಸೋಲಿಗೆ ಇನ್ನೊಂದು, ಕೋಪರ್‌ಖೈರಣೆಯಲ್ಲಿ ಮೊದಲಿನದನ್ನು ಅಳಿಸುವುದು. ಸಾಕೆನ್ನಿಸಿದಾಗ ಮೂಲೆಯಲ್ಲಿರುವ 'ಪ್ರಕಟಿಸು' ಗುಂಡಿ ಒತ್ತಿದರಾಯಿತು. ಸಂಪಾದಕರಿಲ್ಲ, ವಿಷಾದಪತ್ರವಿಲ್ಲ, ಅಂಚೆಯವನ ದಾರಿ ಕಾಯುವ ಕಷ್ಟವಿಲ್ಲ.

ಓದುಗರೂ ಇಲ್ಲ. ಯಾವ ದೇಶದಿಂದ ಎಷ್ಟು ಜನ ಬಂದು ಹೋದರೆಂದು ನಕಾಶೆಯಲ್ಲಿ ತೋರಿಸುವ ಪುಟವೊಂದು ಬ್ಲಾಗಿನ ಒಳಗಿದೆ. ಒಮ್ಮೆ ಅದರಲ್ಲಿ ಫಿನ್‌ಲೆಂಡ್ ಹಸಿರಾಯಿತು. ಹಿಮದ ನಡುವೆ ಕೂತ ಕನ್ನಡತಿಯೊಬ್ಬಳು ನಾನು ಹಲಸಿನ ಹಪ್ಪಳದ ಮೇಲೆ ಬರೆದದ್ದನ್ನು ಓದಿ ಕಣ್ಣೊರೆಸಿಕೊಳ್ಳುವ ಚಿತ್ರ ಎರಡು ವಾರ ನನ್ನೊಡನೆ ತುರ್ಭೆಗೆ ಹೋಗಿ ಬಂತು. ಕೊನೆಗೆ ಆಫೀಸಿನ ಕಂಪ್ಯೂಟರ್ ರಿಪೇರಿಯವನು ನನ್ನ ಭುಜ ತಟ್ಟಿ, "ಸರ್, ವೋ ಆದ್ಮೀ ನಹೀಂ, ಮಶೀನ್ ಹೈ. ಸಬ್ ಕೇ ಪೇಜ್ ಪೇ ಘೂಮ್ತಾ ಹೈ" ಎಂದ. ಎಲ್ಲರ ಪುಟದಲ್ಲೂ ತಿರುಗುವ ಯಂತ್ರ ನನ್ನ ಪುಟಕ್ಕೂ ಬಂದಿತ್ತು, ಅಷ್ಟೆ. ಪ್ರತಿಕ್ರಿಯೆ ಬರೆದವನು ಮಾತ್ರ ನಿಜವಾದ ಮನುಷ್ಯ. "ಬಹಳ ಚೆನ್ನಾಗಿದೆ" ಎಂದು ಬರೆದು, ಕೆಳಗೆ ಮಂಡಿನೋವಿನ ಎಣ್ಣೆಯ ಜಾಹೀರಾತು ಅಂಟಿಸಿದ್ದ. ಅವನಿಗೂ ಧನ್ಯವಾದ ಹೇಳಿದೆ.

ಓದುಗರಿಲ್ಲದ ಜಾಗದಲ್ಲಿ ಒಂದು ಧೈರ್ಯವಿರುತ್ತದೆ. ನಮ್ಮ ಮನೆಗಳಲ್ಲಿ ಅಡುಗೆಮನೆಗೆ ತುಳು, ಬಾಗಿಲಾಚೆ ಮರಾಠಿ, ಗಾಡಿಗೆ ಹಿಂದಿ. ಕನ್ನಡ ಕೇಳಿದರೆ ಎಲ್ಲರಿಗೂ ತಿಳಿಯುತ್ತದೆ, ಓದಲು ಒಬ್ಬರಿಗೂ ಬಾರದು. ಹಾಗಾಗಿ ಅತ್ತೆಯ ಜಿಪುಣತನ, ಭಾವನ ಗೊರಕೆ ಎಲ್ಲವನ್ನೂ ನಾನು ನಿಶ್ಚಿಂತೆಯಿಂದ ಬರೆದೆ. ಬೀಗ ಹಾಕುವುದೇ ಬೇಡ, ಲಿಪಿಯೇ ಬೀಗ. ಲೋಕಕ್ಕೆಲ್ಲ ತೆರೆದಿಟ್ಟು ಮನೆಯವರಿಂದ ಮಾತ್ರ ಬಚ್ಚಿಡಲು ಡೊಂಬಿವಲಿಯ ಕನ್ನಡಕ್ಕಿಂತ ಒಳ್ಳೆಯ ಕಪಾಟಿಲ್ಲ ಎಂದುಕೊಂಡಿದ್ದೆ.

ಇನ್ನು ದೊಡ್ಡಮ್ಮ. ನನ್ನ ತಂದೆಯ ಅಣ್ಣನ ಹೆಂಡತಿ. ಉಡುಪಿ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವರು. ನನ್ನ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ನಾನು ಬೆಳೆದದ್ದು ಇವರ ಮಡಿಲಲ್ಲಿ. ಬೈಯಲು ತುಳು ಬಳಸಿದರೂ ಕತೆ ಹೇಳಲು ಅವರಿಗೆ ಕನ್ನಡವೇ ಆಗಬೇಕು. ಚಿಕ್ಕಂದಿನಲ್ಲಿ ತಾಳಮದ್ದಳೆಯ ಅರ್ಥ ಕೇಳಿ ಕೇಳಿ ಬಂದ ಕನ್ನಡ ಅದು, ಪ್ರತಿ ವಾಕ್ಯವೂ ಪೇಟ ಕಟ್ಟಿಕೊಂಡೇ ಹೊರಡುತ್ತಿತ್ತು. ರಟ್ಟು ಕಿತ್ತುಹೋದ ಒಂದು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿಗೆ ಎಂಜಲು ಹಚ್ಚಿ ಪುಟ ಮಗುಚುತ್ತ ಓದುತ್ತಿದ್ದರು. "ನಿನ್ನೆ ಹುಲಿ ಸತ್ತಿತ್ತಲ್ಲ ದೊಡ್ಡಮ್ಮ, ಇವತ್ತು ಹೇಗೆ ಬಂತು?" ಎಂದರೆ, "ಅದು ಆ ಪುಟದ ಹುಲಿ, ಇದು ಈ ಪುಟದ್ದು. ಕೇಳು ಸುಮ್ಮನೆ" ಎನ್ನುತ್ತಿದ್ದರು.

ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ. ಕನ್ನಡದ ಅಕ್ಷರ ಕಲಿಯುವಾಗ ಮೂವತ್ತೈದು ದಾಟಿತ್ತು. ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳ ಬೆಂಚಿನಡಿ ಮಂಡಿ ತೂರಿಸಿಕೊಂಡು ಕೂತು 'ಅ, ಆ' ತಿದ್ದಿದೆ. ಅಕ್ಷರ ಕೂಡಿಸಲು ಬಂದದ್ದೇ ತಡ, ನಾನು ಓಡಿದ್ದು ಆ ಪುಸ್ತಕದ ಹತ್ತಿರ. ಕಪಾಟಿನ ಮೇಲಿನಿಂದ ತೆಗೆದು ಧೂಳು ಕೊಡವಿ ಓದಿದೆ. ಹೊಲಿಗೆ ಯಂತ್ರಕ್ಕೆ ಎಲ್ಲೆಲ್ಲಿ ಎಣ್ಣೆ ಬಿಡಬೇಕು, ಸೂಜಿ ಮುರಿದರೆ ಏನು ಮಾಡಬೇಕು ಎಂಬುದೇ ಮೊದಲಿನಿಂದ ಕೊನೆಯವರೆಗೆ. ಹುಲಿ ಎಲ್ಲಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಬೇಕೆಂದೇ ಅವರ ಪಕ್ಕದಲ್ಲಿ ಕೂತೆ. ಮನೆಗೆ ದಿನಾ ಒಂದು ಕನ್ನಡ ಪೇಪರು ಬರುತ್ತಿತ್ತು. ಬಾಲ್ಕನಿಯ ಕುರ್ಚಿಯಲ್ಲಿ ಕನ್ನಡಕ ಏರಿಸಿ ಗಂಟೆಗಟ್ಟಲೆ ಅದನ್ನು ನೋಡುವುದು ದೊಡ್ಡಮ್ಮನ ರೂಢಿ. ಅವತ್ತು ಹಾರ ಹಾಕಿಕೊಂಡವರೊಬ್ಬರ ಚಿತ್ರ ನೋಡಿ ನಿಟ್ಟುಸಿರು ಬಿಟ್ಟು, "ಪಾಪ, ಹೋಗಿಬಿಟ್ಟರು. ಒಳ್ಳೆ ಜನ" ಎಂದರು. ಆ ಒಳ್ಳೆ ಜನ ಹಿಂದಿನ ದಿನವಷ್ಟೇ ಹಾಲಿನ ಸೊಸೈಟಿಯ ಅಧ್ಯಕ್ಷರಾಗಿ ಆಯ್ಕೆಯಾಗಿದ್ದರು. ನಾನೂ "ಪಾಪ" ಎಂದೆ.

ನೋಡಿ, ಅವತ್ತು ಆ ಒಂದು 'ಪಾಪ'ಕ್ಕೇ ನಿಲ್ಲಿಸಿದ್ದರೆ ನಾನು ಒಳ್ಳೆಯ ಮನುಷ್ಯನಾಗಿ ಉಳಿಯುತ್ತಿದ್ದೆ. ಎಷ್ಟೋ ವರ್ಷ ನಿಲ್ಲಿಸಿಯೂ ಇದ್ದೆ. ಆದರೆ ಬ್ಲಾಗಿಗೆ ದಿನಾ ಹಸಿವು. ಹಪ್ಪಳ ಮುಗಿಯಿತು, ಗೊರಕೆ ಮುಗಿಯಿತು. ಒಂದು ದಿನ ಕಿಟಕಿ ಸಿಕ್ಕಿತು, 'ಪೇಪರು ಓದುವ ದೊಡ್ಡಮ್ಮ' ಬರೆದೆ. ಹುಲಿ, ಹೊಲಿಗೆ ಯಂತ್ರ, ಹಾರ ಎಲ್ಲವೂ ಬಂದವು. ಪ್ರೀತಿಯಿಂದಲೇ ಬರೆದೆ, ಬರೆಯುತ್ತ ಕಣ್ಣು ಒದ್ದೆಯಾಗಿ ತುರ್ಭೆ ದಾಟಿಹೋಗಿ ಸಾನ್‌ಪಾಡಾದಲ್ಲಿ ಇಳಿದೆ. ಪ್ರೀತಿಯಿಂದ ಬರೆದದ್ದಕ್ಕೆ ಅಪ್ಪಣೆ ಬೇಕಿಲ್ಲ ಎಂದು ಯಾರು ಹೇಳಿಕೊಟ್ಟರೋ ಕಾಣೆ.

ಹಿಂದೆ ಓಲೆಗರಿಯಲ್ಲಿ ಪ್ರತಿ ಮಾಡುತ್ತಿದ್ದವರು ಕೊನೆಯಲ್ಲಿ ಒಂದೆರಡು ಸಾಲು ತಮ್ಮದನ್ನೂ ಸೇರಿಸುತ್ತಿದ್ದರಂತೆ: ತಪ್ಪಿದ್ದರೆ ಮನ್ನಿಸಿ, ನೀರಿನಿಂದ ಕಾಪಾಡಿ, ಎಣ್ಣೆಯಿಂದ ಕಾಪಾಡಿ. ಬೆನ್ನು ಬಾಗಿ, ಕತ್ತು ಸೋತು ಬರೆದವರಿಗೆ ತಾವು ಬರೆದದ್ದು ಯಾರ ಕೈಗೆ ಹೋಗುತ್ತದೋ ಎಂಬ ದಿಗಿಲಿತ್ತು. ನನ್ನ ಬೆನ್ನು ನೆಟ್ಟಗಿತ್ತು. ಹೆಬ್ಬೆರಳು ಒಂದನ್ನೇ ಬಾಗಿಸಿ ಗುಂಡಿ ಒತ್ತಿ, ಗಾಡಿಯಿಂದ ಇಳಿದು ಹೋದೆ.

ದೊಡ್ಡಮ್ಮನಿಗೆ ಎಂಬತ್ತು ತುಂಬಿದ ಭಾನುವಾರ ಮಗ ಸುಧಾಕರಣ್ಣನ ಮನೆಯಲ್ಲಿ ಊಟವಿತ್ತು. ಇಪ್ಪತ್ತು ಜನ ಸೇರಿದ್ದೆವು, ಪಕ್ಕದ ಫ್ಲಾಟಿನವರೂ ಇದ್ದರು. ಸುಧಾಕರಣ್ಣನ ಮಗಳು ಶ್ರಾವಣಿ ಬೇಲಾಪುರದ ಆಫೀಸೊಂದರಲ್ಲಿ ಕೆಲಸ ಮಾಡುವ ಚುರುಕು ಹುಡುಗಿ. ಎಲೆಗೆ ಪಾಯಸ ಬೀಳುತ್ತಿದ್ದಂತೆ ಫೋನು ಹಿಡಿದು ಎದ್ದು ನಿಂತಳು. ಆಜಿಗೆ ಒಂದು ಸರ್‌ಪ್ರೈಸ್ ಇದೆ, ಕಾಕಾ ಆಜಿಯ ಮೇಲೆ ಬರೆದಿದ್ದಾರೆ ಎಂದು ಮರಾಠಿಯಲ್ಲಿ ಸಾರಿದಳು. ನನ್ನ ಕೈ ಅನ್ನದಲ್ಲೇ ನಿಂತಿತು.

"ನಿನಗೆ ಕನ್ನಡ ಓದಲಿಕ್ಕೆ ಬರುವುದಿಲ್ಲವಲ್ಲ!" ಎಂದೆ. ನನ್ನ ದನಿ ನನಗೇ ಬೇಡುವವನ ದನಿಯ ಹಾಗೆ ಕೇಳಿಸಿತು.

"ಅರೇ ಕಾಕಾ, ಬಟನ್ ಆಹೇ ನಾ!" ಎಂದಳು. ನನ್ನ ಹೆಸರು ಹುಡುಕಿದಾಗ ಬ್ಲಾಗು ಸಿಕ್ಕಿತ್ತಂತೆ; ಅದರ ಮೇಲೆ, ಒತ್ತಿದರೆ ಪುಟವಿಡೀ ಮರಾಠಿಯಾಗುವ ಗುಂಡಿ. ಹತ್ತು ವರ್ಷದಿಂದ ನಾನು ಕಾಯ್ದುಕೊಂಡು ಬಂದ ಬೀಗಕ್ಕೆ ಬೀಗದ ಕೈ ಎಲ್ಲರ ಜೇಬಿನಲ್ಲೂ ಇತ್ತು.

ಅವಳು ಓದಿದಳು. ನನ್ನ ಮಾತುಗಳು ಪರಿಚಯವಿಲ್ಲದ ಬಟ್ಟೆ ತೊಟ್ಟು ಒಂದೊಂದಾಗಿ ಪಂಕ್ತಿಯ ನಡುವೆ ನಡೆದು ಬಂದವು. ಹೊಲಿಗೆ ಯಂತ್ರಕ್ಕೆ ಎಲ್ಲರೂ ನಕ್ಕರು. ಹಾರಕ್ಕೆ ಇನ್ನೂ ನಕ್ಕರು. ಸುಧಾಕರಣ್ಣ ತೊಡೆ ತಟ್ಟಿಕೊಂಡು, "ಅಮ್ಮಾ, ಇತ್ನೇ ಸಾಲ್ ಹಮ್ ಸಬ್ ಕೋ ಚೂನಾ ಲಗಾಯಾ!" ಎಂದ. ಇಷ್ಟು ವರ್ಷ ನಮಗೆಲ್ಲ ಟೋಪಿ ಹಾಕಿದೆಯಲ್ಲ ಎಂದು ಮುದ್ದಿನಿಂದಲೇ ಕೇಳಿದ್ದು. ಕನ್ನಡದ ಒಂದಕ್ಷರ ಬಾರದವರೆಲ್ಲ ಕನ್ನಡ ಓದಲು ಬಾರದ ಮುದುಕಿಯನ್ನು ನೋಡಿ ನಗುತ್ತಿದ್ದರು.

ದೊಡ್ಡಮ್ಮ ಎಲೆಯನ್ನೇ ನೋಡುತ್ತಿದ್ದರು. ಆಮೇಲೆ ತಲೆಯೆತ್ತಿ, "ಊಟ ಮಾಡಿ. ಪಾಯಸ ಆರಿ ಹೋಗ್ತದೆ" ಎಂದರು. ನನ್ನ ಕಡೆ ನೋಡಲಿಲ್ಲ.

ಆ ಸಂಜೆಯೇ ಬರಹವನ್ನು ಅಳಿಸಿದೆ. ನಿಜವಾಗಿ ಅಳಿಸಬೇಕೇ ಎಂದು ಬ್ಲಾಗು ಎರಡು ಸಲ ಕೇಳಿತು. ಪ್ರಕಟಿಸುವಾಗ ಒಂದು ಸಲವೂ ಕೇಳಿರಲಿಲ್ಲ. ಶ್ರಾವಣಿ ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೂ ಹಾಕಿದ್ದಳು. ಅಲ್ಲಿ ಕೆಂಪು ಹೃದಯಗಳ ಸಾಲೇ ಬೆಳೆದಿತ್ತು. ನನಗೆ ಜೀವಮಾನದಲ್ಲಿ ಸಿಕ್ಕ ಅತಿ ಹೆಚ್ಚು ಓದುಗರು ಅವರು.

ನಾಲ್ಕು ದಿನ ಬಿಟ್ಟು, ಸ್ಟೇಷನ್ ಮೆಟ್ಟಿಲ ಬಳಿ ಕೂರುವ ಪೇಪರಿನವನು ನನ್ನನ್ನು ತಡೆದ. "ಕಾಕಾ, ಆಜೀನೀ ಪೇಪರ್ ಬಂದ್ ಕೇಲಾ. ತಬ್ಯೇತ್ ಬರೀ ಆಹೇ ನಾ?" ಅಜ್ಜಿ ಪೇಪರು ನಿಲ್ಲಿಸಿದ್ದಾರೆ, ಆರೋಗ್ಯ ಚೆನ್ನಾಗಿದೆ ತಾನೇ ಎಂದು ಅವನ ಪ್ರಶ್ನೆ. ಆ ಗಲ್ಲಿಗೆಲ್ಲ ಹೋಗುತ್ತಿದ್ದ ಕನ್ನಡ ಪೇಪರು ಅದೊಂದೇ ಆಗಿತ್ತಂತೆ. ಚೆನ್ನಾಗಿದ್ದಾರೆ ಎಂದು ಹೇಳಿ ಗಾಡಿ ಹತ್ತಿದೆ. ಅವತ್ತು ಕಿಟಕಿ ಸಿಕ್ಕಿತು. ಬರೆಯಲು ಕೈ ಬರಲಿಲ್ಲ.

ಮೂರು ವಾರ ಅವರ ಮನೆಯ ಕಡೆ ಹೋಗಲು ಧೈರ್ಯವಾಗಲಿಲ್ಲ. ಹೋದಾಗ ದೊಡ್ಡಮ್ಮ ಅದೇ ಬಾಲ್ಕನಿಯಲ್ಲಿ, ಅದೇ ಕುರ್ಚಿಯಲ್ಲಿದ್ದರು. ಕನ್ನಡಕ ಇರಲಿಲ್ಲ. ಎರಡು ಕೈಗಳೂ ತೊಡೆಯ ಮೇಲೆ ಕೆಲಸವಿಲ್ಲದೆ ಬಿದ್ದಿದ್ದವು. ಪೇಪರಿಲ್ಲದ ಆ ಕೈಗಳನ್ನು ನೋಡಲು ನನ್ನಿಂದಾಗಲಿಲ್ಲ.

"ತಪ್ಪಾಯ್ತು ದೊಡ್ಡಮ್ಮ" ಎಂದೆ.

ಅವರು ಹೇಳಿದರು: "ಚಾಳಿನಲ್ಲಿದ್ದಾಗ ಹೆಂಗಸರು ಊರಿನ ಕಾಗದ ತರ್ತಿದ್ದರು, ನೆನಪುಂಟಾ ನಿನಗೆ?"

ನೆನಪಿತ್ತು. ಸಾಲು ಕೋಣೆಗಳ ಆ ಚಾಳಿಗೆ ಹೊಸದಾಗಿ ಮದುವೆಯಾಗಿ ಬಂದವರು ಕಾಗದ ಹಿಡಿದು ಬರುತ್ತಿದ್ದರು. "ಈಗ ಕೈಯೆಲ್ಲ ಹಿಟ್ಟು, ಇಟ್ಟು ಹೋಗು, ನಾಳೆ ಓದಿ ಹೇಳ್ತೇನೆ" ಎಂದು ದೊಡ್ಡಮ್ಮ ಅದನ್ನು ಕಾಫಿಪುಡಿ ಡಬ್ಬಿಯ ಕೆಳಗೆ ಸಿಕ್ಕಿಸುತ್ತಿದ್ದರು. ಮರುದಿನ ಎದುರಿಗೆ ಹಿಡಿದು ಒಂದು ಮಾತೂ ಬಿಡದೆ ಓದುತ್ತಿದ್ದರು.

"ನಿನ್ನ ದೊಡ್ಡಪ್ಪ ಕೆಲಸದಿಂದ ಬಂದು ಓದಿ ಹೇಳ್ತಿದ್ದರು. ನಾನು ಬಾಯಿಪಾಠ ಮಾಡಿಕೊಳ್ತಿದ್ದೆ" ಎಂದರು. "ಓದಲಿಕ್ಕೆ ಬರುವವರು ಒಡೆದ ಕೂಡಲೇ ಓದಿಬಿಡ್ತಾರೆ. ನನಗೆ ಒಳಗೆ ಏನುಂಟು ಅಂತ ಮೊದಲೇ ಗೊತ್ತಿರ್ತಿತ್ತು. ಸಾವಿನ ಸುದ್ದಿ ಇದ್ದರೆ ಆ ಹುಡುಗಿಗೆ ಮೊದಲು ಊಟ ಹಾಕ್ತಿದ್ದೆ. ಆಮೇಲೆ ಓದ್ತಿದ್ದೆ."

ನಾನು ಅವರ ಕಾಲ ಬಳಿ ನೆಲದ ಮೇಲೆ ಕೂತೆ.

"ನಿನ್ನ ದೊಡ್ಡಪ್ಪ ಒಬ್ಬರಿಗೇ ಗೊತ್ತಿದ್ದದ್ದು. ಸಾಯುವವರೆಗೂ ಯಾರಿಗೂ ಹೇಳಲಿಲ್ಲ." ಇದನ್ನು ಅವರು ಬೈದ ಹಾಗೆ ಹೇಳಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅವರ ಬಗ್ಗೆ ಇನ್ನೆಂದೂ ಬರೆಯುವುದಿಲ್ಲ ಎಂದೆ. "ಈಗ ಬರೆಯದೆ ಎಂತ ಉಳಿಯಿತು ಮಾರಾಯ?" ಎಂದರು. "ಬರೆಯುವುದಾದರೆ ಪೂರ್ತಿ ಬರೆ. ದೊಡ್ಡಪ್ಪನನ್ನೂ ಹಾಕು. ಹೊಲಿಗೆ ಮಿಷನ್ ಮಾತ್ರ ಹಾಕಿ ನಗಿಸಿದ್ದಿ ನೀನು." ಮತ್ತೆ, ನಾನು ಏಳುವ ಹೊತ್ತಿಗೆ, "ಅದನ್ನು ಒಮ್ಮೆ ಓದು ನೋಡುವ. ಆ ಹುಡುಗಿಯ ಮರಾಠಿ ಬೇಡ. ನೀನು ಬರೆದ ಕನ್ನಡದಲ್ಲಿ ಓದು" ಎಂದರು.

ಅಳಿಸಿ ಮೂರು ವಾರವಾಗಿತ್ತು. ಫೋನು ತೆಗೆದೆ, ಬ್ಲಾಗು ತೆರೆದೆ. ನೀವು ಹುಡುಕುವ ಪುಟ ಇಲ್ಲಿಲ್ಲ ಎಂಬ ಒಂದು ಸಾಲು, ಮಿಕ್ಕದ್ದೆಲ್ಲ ಬಿಳಿ. ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಕನ್ನಡಕ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಆ ಬಿಳಿಯನ್ನೇ ನೋಡುತ್ತ ಓದತೊಡಗಿದೆ. ಒಂದು ಚಾಳಿತ್ತು. ಅಲ್ಲಿ ಒಬ್ಬ ಹೆಂಗಸಿದ್ದರು. ಊರಿಂದ ಕಾಗದ ಬಂದವರೆಲ್ಲ ಅವರ ಬಾಗಿಲಿಗೆ ಬರುತ್ತಿದ್ದರು. ಅವರು ಮೊದಲು ಎಲೆ ಹಾಕಿ ಊಟ ಬಡಿಸುತ್ತಿದ್ದರು.

ದೊಡ್ಡಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೆಳಗೆ ರಿಕ್ಷಾದವರ ಗಲಾಟೆ, ದೂರದಲ್ಲಿ ಕಲ್ಯಾಣದ ಕಡೆ ಹೊರಟ ಗಾಡಿಯ ಸದ್ದು. ಅರ್ಧಕ್ಕೆ ಬಂದಿದ್ದೆ. ಅವರು ಒಂದು ಕಣ್ಣು ತೆರೆದು ನನ್ನನ್ನೂ ಫೋನನ್ನೂ ನೋಡಿದರು.

"ಬೆರಳು ಸರಿಸು ಮಾರಾಯ" ಎಂದರು. "ಓದುವವನು ಇಷ್ಟು ಹೊತ್ತು ಒಂದೇ ಪುಟದಲ್ಲಿ ಕೂತಿರ್ತಾನಾ? ನಾನು ಮಗುಚುತ್ತಿರಲಿಲ್ವಾ?"

ಮತ್ತೆ ಕಣ್ಣು ಮುಚ್ಚಿಕೊಂಡರು. ನಾನು ಬೆರಳು ಸರಿಸಿ ಮುಂದೆ ಓದಿದೆ.